ಅಂಚಿನ ಲೆಕ್ಕ ಮತ್ತು ಎರಡನೆಯ ಕಣ್ಣು

ಹತ್ತು ಗಜ ಉದ್ದದ ನೇರ ಬೇಲಿಗೆ ಗಜಕ್ಕೊಂದರಂತೆ ಗೂಟ ನೆಟ್ಟರೆ ಒಟ್ಟು ಗೂಟಗಳೆಷ್ಟು? ಹಿಂದೊಮ್ಮೆ ನಾನು ಕಪ್ಪುಹಲಗೆಯ ಮೇಲೆ ಹತ್ತು ಎಂದು ಬರೆದಿದ್ದೆ. ಹಿಂದಿನ ಸಾಲಿನ ಬಾಲಕಿಯೊಬ್ಬಳು ಎದ್ದುನಿಂತು, "ಸಾರ್, ಮೊದಲನೇ ಗೂಟ ಬಿಟ್ಟೀರಿ, ಹನ್ನೊಂದು ಆಗ್ತಾವ" ಎಂದಳು. ಅಂದು ನಾನು ಕಲಿತ ಪಾಠವು ಇಂದಿನ ಗಣಕಯಂತ್ರ ವಿದ್ಯೆಗೂ ಸಲ್ಲುತ್ತದೆ. ಆ ವಿದ್ಯೆಯತ್ತ ಹೊರಟಿರುವ ನಮ್ಮ ವಿದ್ಯಾರ್ಥಿಗಳಿಗಾಗಿ ಅದನ್ನು ಇಲ್ಲಿ ವಿವರಿಸುತ್ತೇನೆ.

ಒಂದೇ ಗಣಕಯಂತ್ರದೊಳಗೆ ತಂತ್ರಾಂಶದ ಬಲದಿಂದ ಹಲವು ಗಣಕಯಂತ್ರಗಳನ್ನು ನಡೆಸಬಹುದು. ಇವಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು. ಒಂದು ವಠಾರದಲ್ಲಿ ಹಲವು ಬಾಡಿಗೆದಾರರಿದ್ದಂತೆ. ಒಬ್ಬರ ಮನೆಯೊಳಗೆ ಇನ್ನೊಬ್ಬರು ಇಣುಕಬಾರದು. ಫ್ಯಾಬ್ರಿಸ್ ಬೆಲ್ಲಾರ್ ಅವರು 2003ರಲ್ಲಿ ಹೊರತಂದ 'ಕ್ಯೂಎಮು' ಇಂತಹ ಒಂದು ತಂತ್ರಾಂಶ.

ಜಾಲದ ಮೂಲಕ ಬರುವ ಮಾಹಿತಿಯು ಪ್ಯಾಕೆಟ್ ಎಂಬ ಸಣ್ಣ ಪೊಟ್ಟಣಗಳಾಗಿ ಬರುತ್ತದೆ. ಸುಂಕೇಸುಲದಲ್ಲಿ ತುಂಗಭದ್ರೆಯ ನೀರನ್ನು ತಡೆದು ಕೆ.ಸಿ. ಕಾಲುವೆಗೆ ಬಿಡುವುದನ್ನು ನಮ್ಮ ಭಾಗದವರು ಬಲ್ಲರು. ನದಿ ತರುವ ವೇಗ ಬೇರೆ, ಕಾಲುವೆ ಒಯ್ಯುವ ವೇಗ ಬೇರೆ. ಆದುದರಿಂದ ನಡುವೆ ನೀರು ನಿಲ್ಲಲು ಸ್ಥಳ ಬೇಕು. ಪ್ಯಾಕೆಟ್‌ಗಳು ಹೀಗೆ ತಂಗುವ ಸ್ಥಳವೇ ಬಫರ್.

ಕ್ಯೂಎಮುವಿನಲ್ಲಿ 'ಪಿಸಿನೆಟ್' ಎಂಬ ಜಾಲ ಕಾರ್ಡನ್ನು ಅನುಕರಿಸುವ ಭಾಗವೊಂದಿದೆ. ಅದರ ಬಫರ್ 4096 ಬೈಟ್‌ಗಳದು. ಕಳುಹಿಸಿದ ಪ್ಯಾಕೆಟ್ ತನಗೇ ಮರಳಿ ಬರುವ ಒಂದು ಪರೀಕ್ಷಾ ಕ್ರಮದಲ್ಲಿ, ಪ್ಯಾಕೆಟ್ಟಿನ ಕೊನೆಗೆ 4 ಬೈಟ್‌ಗಳ ತಾಳೆ ಸಂಖ್ಯೆಯನ್ನು ಸೇರಿಸಲಾಗುತ್ತಿತ್ತು. ಪ್ಯಾಕೆಟ್ಟೇ 4096 ಬೈಟ್ ಇದ್ದರೆ? ಒಟ್ಟು 4100. ಆ 4 ಬೈಟ್‌ಗಳು ಅಂಚು ದಾಟಿ ಪಕ್ಕದ ಸ್ಮೃತಿಯನ್ನು ಅಳಿಸಿ ಬರೆಯುತ್ತಿದ್ದವು. ಅಲ್ಲಿದ್ದುದು ತಂತ್ರಾಂಶವು ಮುಂದೆ ಬಳಸಬೇಕಾದ ಒಂದು ವಿಳಾಸ. ಹೀಗಾಗಿ ದುರುದ್ದೇಶದ ಬಾಡಿಗೆದಾರನೊಬ್ಬನು ಇಡೀ ವಠಾರವನ್ನೇ ವಶಪಡಿಸಿಕೊಳ್ಳುವ ಅವಕಾಶ ಉಂಟಾಗಿತ್ತು. ಈ ದೋಷವು 2015ರ ನವೆಂಬರಿನಲ್ಲಿ ಪ್ರಕಟವಾಯಿತು. ಪರಿಹಾರವಾದರೋ ಅತಿ ಸರಳ: ಸೇರಿಸುವ ಮೊದಲು ಅಳತೆ ನೋಡುವುದು.

ಇಂತಹ ತಂತ್ರಾಂಶಕ್ಕೆ ಯಾವುದೇ ತಿದ್ದುಪಡಿ ಸೇರುವ ಮುನ್ನ ಅದನ್ನು ಇನ್ನೊಬ್ಬರು ಓದಿ ಪರಿಶೀಲಿಸುವ ಪದ್ಧತಿಯಿದೆ. ತೆಗೆದ ಸಾಲಿಗೆ ಕಳೆಯುವ ಚಿಹ್ನೆ, ಸೇರಿಸಿದ ಸಾಲಿಗೆ ಕೂಡುವ ಚಿಹ್ನೆ ಇರುತ್ತದೆ. ಬಫರಿಗೆ ಸಂಬಂಧಿಸಿದ ತಿದ್ದುಪಡಿಯನ್ನು ಓದುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮುಖ್ಯವಾಗಿ ಮೂರು.

ಮೊದಲನೆಯದು, ಎಷ್ಟು ಹಿಡಿಸುತ್ತದೆ? ಬಫರ್ ಅರ್ಧ ತುಂಬಿದಾಗ ಲೆಕ್ಕ ಸರಿಯಿದ್ದರೆ ಸಾಲದು. 4095, 4096, 4097 ಈ ಮೂರಕ್ಕೂ ಲೆಕ್ಕ ಹಾಕಿ ನೋಡಬೇಕು. ಎರಡನೆಯದು, ತುಂಬಿದ ಮೇಲೆ ಬಂದದ್ದು ಏನಾಗುತ್ತದೆ? ಬಿಟ್ಟುಬಿಟ್ಟರೆ ಟಿ.ಸಿ.ಪಿ. ನಿಯಮದಂತೆ ಕಳುಹಿಸಿದವರು ಮತ್ತೆ ಕಳುಹಿಸುತ್ತಾರೆ. ಆದರೆ ಅಂಚು ಮೀರಿ ಬರೆದರೆ ಅನಾಹುತ. ಮೂರನೆಯದು, ತೂಬು ತೆರೆಯುವವರು ಯಾರು? ಒಳಗಿನ ಯಂತ್ರವು ಸಿದ್ಧವಿಲ್ಲದಾಗ ಪ್ಯಾಕೆಟ್‌ಗಳು ಸರದಿಯಲ್ಲಿ ಕಾಯುತ್ತವೆ. ಅದು ಸಿದ್ಧವಾದೊಡನೆ ಸರದಿಯನ್ನು ಬಿಡಿಸಬೇಕೆಂಬ ಸೂಚನೆಯನ್ನು ಬರೆಯಲು ಮರೆತರೆ, ಕೆರೆ ತುಂಬಿದ್ದೂ ಗದ್ದೆ ಒಣಗಿದಂತೆ ಸಂಪರ್ಕವು ಸ್ತಬ್ಧವಾಗುತ್ತದೆ.

ಬರೆದವನಿಗೆ ತನ್ನ ತಪ್ಪು ಕಾಣದಿರುವುದು ದಡ್ಡತನವಲ್ಲ. ತಾನು ಬರೆಯಬೇಕೆಂದುಕೊಂಡದ್ದನ್ನೇ ಅವನ ಕಣ್ಣು ಓದುತ್ತದೆ. ಆದುದರಿಂದಲೇ ಎರಡನೆಯ ಕಣ್ಣು ಅವಶ್ಯಕ. ಪರಿಶೀಲಿಸಿದವರ ಹೆಸರೂ ಆ ತಿದ್ದುಪಡಿಯೊಡನೆ ದಾಖಲಾಗುವ ರೂಢಿಯಿದೆ. ಓದದೆ ಒಪ್ಪಿದವನೂ ಹೊಣೆಗಾರನೇ.

ವಿದ್ಯಾರ್ಥಿ ಮಿತ್ರರೇ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ವಿದ್ಯೆ ದೂರವೆಂದು ಅಂಜಬೇಡಿರಿ. ಅದರ ಭಾಷೆಯನ್ನು ಕಲಿಯಬೇಕಾಗುತ್ತದೆ, ನಿಜ. ಆದರೆ ಅಂಚಿನ ಲೆಕ್ಕವನ್ನು ಬಿಡದೆ ನೋಡುವ ಕಣ್ಣು, ಹಿರಿಯರು ಬರೆದದ್ದಾದರೂ ತಪ್ಪಿದ್ದರೆ ವಿನಯದಿಂದ ಹೇಳುವ ಧೈರ್ಯ, ಹೇಳಿಸಿಕೊಂಡವರಲ್ಲಿ ಒಪ್ಪಿ ತಿದ್ದಿಕೊಳ್ಳುವ ಗುಣ, ಇವು ಯಾವ ಮಾಧ್ಯಮದ ಸ್ವತ್ತೂ ಅಲ್ಲ. ಅಂದು ನಾನು ಹತ್ತನ್ನು ಅಳಿಸಿ ಹನ್ನೊಂದು ಎಂದು ಬರೆದೆ. ಆ ಬಾಲಕಿ ಸುಮ್ಮನೆ ಕುಳಿತಿದ್ದರೆ ಇಡೀ ತರಗತಿಯು ನನ್ನ ತಪ್ಪನ್ನೇ ಬರೆದುಕೊಂಡು ಮನೆಗೆ ಹೋಗುತ್ತಿತ್ತು.