ಪ್ರೊಸೆಸರ್‌ಗೆ ಗಾಳಿಯೋ ನೀರೋ: ಕೆರೆಕಟ್ಟೆಯ ಮನೆಗಳಿಗೆ ಒಂದು ಪರಿಚಯ

ನೀವು ಮನೆಗೊಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಜೋಡಿಸಿಕೊಳ್ಳಲು ಹೊರಟಿದ್ದೀರಿ ಎಂದುಕೊಳ್ಳೋಣ. ಮಗಳು ಬೆಂಗಳೂರಿನ ಕಂಪನಿಯ ಕೆಲಸವನ್ನು ಕೆರೆಕಟ್ಟೆಯ ಮನೆಯಲ್ಲೇ ಕೂತು ಮಾಡುತ್ತಾಳೆ, ಅಥವಾ ಮಗನಿಗೆ ವಿಡಿಯೊ ಎಡಿಟಿಂಗ್ ಕಲಿಯುವ ಆಸೆ. ಅಂಗಡಿಯವರು ಬಿಡಿಭಾಗಗಳ ಪಟ್ಟಿ ಬರೆಯುತ್ತಾ ತಲೆಯೆತ್ತಿ ಕೇಳುತ್ತಾರೆ: "ಕೂಲರ್ ಏರ್ ಹಾಕ್ಲಾ, ಲಿಕ್ವಿಡ್ ಹಾಕ್ಲಾ?" ಆ ಪ್ರಶ್ನೆಗೆ ನೀವೇ ಕಾರಣಸಹಿತ ಉತ್ತರ ಹೇಳುವಂತಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಿಮಗೆ ಮೊದಲೇ ಏನೂ ತಿಳಿದಿರಬೇಕಿಲ್ಲ. ಬೇಸಿಗೆಯಲ್ಲಿ ಕೋಣೆಗೆ ಇಡುವ ಏರ್ ಕೂಲರ್‌ಗೂ ಇದಕ್ಕೂ ಸಂಬಂಧವಿಲ್ಲ ಎಂಬುದನ್ನು ಮಾತ್ರ ನೆನಪಿಡಿ.

ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಲೆಕ್ಕಗಳನ್ನೆಲ್ಲ ಮಾಡುವ ಚಿಪ್. ಅದು ಬಳಸುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿ ಹೊರಬರುತ್ತದೆ. ಮನೆಬಳಕೆಯ ಸಾಧಾರಣ ಪ್ರೊಸೆಸರಿನದು 65 ವ್ಯಾಟ್. ದೊಡ್ಡವು 125 ವ್ಯಾಟ್ ದಾಟುತ್ತವೆ. ಹಳೆಯ 60 ವ್ಯಾಟಿನ ಬುರುಡೆ ಬಲ್ಬನ್ನು ಉರಿಯುವಾಗ ಮುಟ್ಟಿ ಕೈ ಸುಟ್ಟುಕೊಂಡವರಿಗೆ ಆ ಬಿಸಿ ನೆನಪಿರುತ್ತದೆ. ಇಲ್ಲಿ ಅಷ್ಟು ಬಿಸಿ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ಅದನ್ನು ಹೊತ್ತೊಯ್ಯದಿದ್ದರೆ ಚಿಪ್ಪಿನ ಉಷ್ಣತೆ ಏರುತ್ತದೆ, ಸುಮಾರು 95ರಿಂದ 100 ಡಿಗ್ರಿಗೆ ಬಂದಾಗ ಈಗಿನ ಪ್ರೊಸೆಸರ್‌ಗಳು ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಇನ್ನೂ ಏರಿದರೆ ಕಂಪ್ಯೂಟರ್ ಆರಿಹೋಗುತ್ತದೆ. ಸುಟ್ಟುಹೋಗುವ ಭಯ ಈಗ ಕಡಿಮೆ. ಆದರೆ ನಿಧಾನವಾಗುವ ಕಂಪ್ಯೂಟರಿನ ಮುಂದೆ ಕೂತವರ ಕಷ್ಟವೂ ಕಷ್ಟವೇ.

ಈಗ ಏರ್ ಕೂಲರ್ ನೋಡೋಣ. ಚಿಪ್ಪಿನ ಮೇಲೆ ಒಂದು ಲೋಹದ ತಳ ಕೂರುತ್ತದೆ. ಅದರಿಂದ ತಾಮ್ರದ ಕೊಳವೆಗಳು ಮೇಲೆದ್ದು ತೆಳು ಅಲ್ಯೂಮಿನಿಯಂ ತಗಡುಗಳ ಗೊಂಚಲನ್ನು ತೂರಿಕೊಂಡು ಹೋಗುತ್ತವೆ. ಪಕ್ಕದಲ್ಲಿ ಫ್ಯಾನ್. ಆ ಕೊಳವೆಗಳ ಹೆಸರು ಹೀಟ್ ಪೈಪ್. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಇದನ್ನು ಮಾಡಿ ತೋರಿಸಿದರು. ಅದರೊಳಗೆ ತುಸುವೇ ನೀರಿರುತ್ತದೆ. ಗಾಳಿಯನ್ನು ಹೀರಿ ತೆಗೆದು ಮುಚ್ಚಿರುವುದರಿಂದ ಆ ನೀರು 100 ಡಿಗ್ರಿಗೆ ಕಾಯದೆ ಬಹಳ ಕಡಿಮೆ ಬಿಸಿಗೇ ಆವಿಯಾಗುತ್ತದೆ. ಕಡುಬು ಬೇಯಿಸುವ ಪಾತ್ರೆಯ ಮುಚ್ಚಳ ತೆಗೆದಾಗ ಒಳಗೆ ಹನಿ ಸಾಲುಗಟ್ಟಿರುವುದನ್ನು ನೀವು ನೋಡಿದ್ದೀರಿ. ಇಲ್ಲಿಯೂ ಹಾಗೆಯೇ: ಆವಿ ತಣ್ಣಗಿನ ತುದಿಗೆ ಹೋಗಿ ಹನಿಯಾಗಿ, ಹೊತ್ತು ತಂದ ಬಿಸಿಯನ್ನು ತಗಡುಗಳಿಗೆ ಕೊಡುತ್ತದೆ. ಕೊಳವೆಯ ಒಳಗೋಡೆಗೆ ರಂಧ್ರಮಯ ಲೋಹದ ಪದರವಿದೆ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಅದು ಹನಿಯನ್ನು ಮತ್ತೆ ತಳಕ್ಕೆ ಎಳೆದು ತರುತ್ತದೆ. ನನಗೆ ಈ ಕೊಳವೆಯ ಮೇಲೆ ಬಹಳ ಪ್ರೀತಿ. ಹಗಲಿರುಳು ನೀರು ಸುತ್ತುತ್ತದೆ, ಆದರೆ ಸವೆಯುವ ಒಂದೇ ಒಂದು ಭಾಗ ಒಳಗಿಲ್ಲ.

ಅಂದರೆ 'ಗಾಳಿ' ಕೂಲರಿನಲ್ಲೂ ನೀರಿದೆ. ಲಿಕ್ವಿಡ್ ಕೂಲರಿನ ವ್ಯತ್ಯಾಸವೆಂದರೆ, ಅಲ್ಲಿ ನೀರನ್ನು ಪಂಪು ಓಡಿಸುತ್ತದೆ. ಚಿಪ್ಪಿನ ಮೇಲಿನ ತಾಮ್ರದ ತಳದಲ್ಲಿ ಬಿಸಿಯಾದ ದ್ರವ ರಬ್ಬರ್ ಕೊಳವೆಯಲ್ಲಿ ಹೊರಟು, ಪೆಟ್ಟಿಗೆಯ ಗೋಡೆಗೋ ಸೂರಿಗೋ ಕೂರಿಸಿದ ರೇಡಿಯೇಟರಿಗೆ ಹೋಗುತ್ತದೆ. ಕಾರಿನ ಬಾನೆಟ್ಟಿನೊಳಗೆ ಇರುವಂಥದ್ದೇ, ಚಿಕ್ಕದು. ಅಲ್ಲಿ ಫ್ಯಾನುಗಳು ಅದನ್ನು ಆರಿಸುತ್ತವೆ, ದ್ರವ ಮರಳಿ ಬರುತ್ತದೆ. ಕಾರ್ಖಾನೆಯಲ್ಲೇ ತುಂಬಿ ಮುಚ್ಚಿ ಕಳಿಸಿರುವುದರಿಂದ ನೀವು ಏನನ್ನೂ ಸುರಿಯಬೇಕಿಲ್ಲ. ದ್ರವದಲ್ಲಿ ನೀರಿನ ಜೊತೆ ಗ್ಲೈಕಾಲ್, ತುಕ್ಕು ತಡೆಯುವ ರಾಸಾಯನಿಕಗಳು ಇರುತ್ತವೆ. ತಳ ತಾಮ್ರದ್ದು, ರೇಡಿಯೇಟರ್ ಸಾಮಾನ್ಯವಾಗಿ ಅಲ್ಯೂಮಿನಿಯಂನದು; ಎರಡು ಬೇರೆ ಲೋಹಗಳು ಒಂದೇ ನೀರಿನಲ್ಲಿದ್ದರೆ ಅಲ್ಯೂಮಿನಿಯಂ ಕೊರೆಯುತ್ತಾ ಹೋಗುತ್ತದೆ. ಅದಕ್ಕಾಗಿ ಆ ರಾಸಾಯನಿಕ.

ಯಾವುದು ಹೆಚ್ಚು ತಣ್ಣಗಿಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನೀವು ಇನ್ನೊಂದನ್ನು ಕೇಳಬೇಕು: ಕೆಟ್ಟಾಗ ಯಾವುದು ಏನು ಮಾಡುತ್ತದೆ? ಏರ್ ಕೂಲರಿನಲ್ಲಿ ಕೆಡುವುದು ಫ್ಯಾನ್ ಒಂದೇ. ಅದರ ಅಚ್ಚನ್ನು ಹಿಡಿದು ತಿರುಗಲು ಬಿಡುವ ಬೇರಿಂಗಿನ ಎಣ್ಣೆ ಒಣಗಿದಾಗ ಮೊದಲು ಗೊರಗೊರ ಸದ್ದು ಬರುತ್ತದೆ, ವಾರಗಟ್ಟಲೆ ಮುನ್ಸೂಚನೆ ಕೊಟ್ಟು ಆಮೇಲೆ ನಿಲ್ಲುತ್ತದೆ. ನಿಂತ ಮೇಲೂ ಆ ತಗಡುಗಳ ಗೊಂಚಲು ಇದ್ದೇ ಇದೆ. ಹಗುರವಾದ ಕೆಲಸವನ್ನು ನಿಧಾನಕ್ಕೆ ಮಾಡಿಕೊಳ್ಳಬಹುದು. ದೊಡ್ಡ ಕೂಲರುಗಳಲ್ಲಿ ಸಾಮಾನ್ಯವಾಗಿ ಬಳಸುವ 120 ಮಿಲಿಮೀಟರಿನ ಫ್ಯಾನ್ ನೂರಾರು ರೂಪಾಯಿಗೆ ಸಿಗುತ್ತದೆ, ತಂತಿಯ ಕ್ಲಿಪ್ ಬಿಚ್ಚಿ ಹಾಕುವುದು ಐದು ನಿಮಿಷದ ಕೆಲಸ.

ಲಿಕ್ವಿಡ್ ಕೂಲರಿನಲ್ಲಿ ಫ್ಯಾನಿನ ಜೊತೆಗೆ ಪಂಪೂ ಕೆಡಬಹುದು. ಪಂಪು ನಿಂತರೆ ದ್ರವ ನಿಂತಿತು. ಕಂಪ್ಯೂಟರ್ ಹಾಕಿದ ಸ್ವಲ್ಪ ಹೊತ್ತಿಗೇ ಉಷ್ಣತೆ 90 ದಾಟುತ್ತದೆ. ರಬ್ಬರ್ ಕೊಳವೆಯ ಗೋಡೆಯ ಮೂಲಕ ದ್ರವ ವರ್ಷಗಳಲ್ಲಿ ಒಂದಿಷ್ಟಾಗಿ ಆವಿಯಾಗಿ ಹೋಗುತ್ತದೆ, ಆ ಜಾಗದಲ್ಲಿ ಗಾಳಿ ಸೇರುತ್ತದೆ. ಒಳಗೆ ಗಸಿ ಕಟ್ಟಿ, ತಾಮ್ರದ ತಳದಲ್ಲಿ ದ್ರವ ಹರಿಯುವ ಸಣ್ಣ ಗೀರುಗಳು ಮುಚ್ಚಬಹುದು. ಸೋರುವುದು ಅಪರೂಪ, ಆದರೆ ಸೋರಿದರೆ ಕೆಳಗಿನ ದುಬಾರಿ ಭಾಗಗಳ ಮೇಲೆಯೇ. ಹಲವು ತಯಾರಕರು 5 ಅಥವಾ 6 ವರ್ಷದ ಖಾತರಿ ಕೊಡುವುದನ್ನು ನೋಡಿದರೆ ಅದರ ಆಯುಷ್ಯದ ಅಂದಾಜು ನಿಮಗೇ ಸಿಗುತ್ತದೆ. ಕೆಟ್ಟರೆ ಬಿಚ್ಚಿ ರಿಪೇರಿ ಮಾಡುವಂತಿಲ್ಲ, ಪೂರ್ತಿ ಬದಲಾಯಿಸಬೇಕು.

ಇದನ್ನೆಲ್ಲ ಕೆರೆಕಟ್ಟೆಯಲ್ಲಿಟ್ಟು ನೋಡಿ. ಶೃಂಗೇರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ, ಕುದುರೆಮುಖದ ಕಾಡಿನ ಮಗ್ಗುಲಲ್ಲಿ ಇರುವ ಊರು ಇದು. ಮಳೆಗಾಲದಲ್ಲಿ ಜಿಲ್ಲೆಯ ಮಳೆ ಲೆಕ್ಕ ಪತ್ರಿಕೆಯಲ್ಲಿ ಬಂದಾಗ ಇದರ ಹೆಸರು ಮೇಲಿನ ಸಾಲುಗಳಲ್ಲಿರುತ್ತದೆ. ಆಷಾಢದಲ್ಲಿ ಖಾತರಿಯ ಕೂಲರನ್ನು ಪೇಟೆಗೆ ಕಳಿಸಿ ಹೊಸದು ಬರುವವರೆಗೆ ಕಾಯುವುದು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಅದಕ್ಕೇ ಇಲ್ಲಿನ ಮನೆಗಳಿಗೆ ನಾನು ಏರ್ ಕೂಲರನ್ನೇ ಹೇಳುವುದು.

ಇಷ್ಟು ತೇವದಲ್ಲಿ ಕೂಲರಿನ ಮೇಲೆ ನೀರು ಹನಿಯುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಇಬ್ಬನಿ ಕೂರುವುದು ಸುತ್ತಲಿನ ಗಾಳಿಗಿಂತ ತಣ್ಣಗಿರುವ ವಸ್ತುವಿನ ಮೇಲೆ ಮಾತ್ರ. ಈ ಎರಡೂ ಕೂಲರುಗಳು ಕೋಣೆಯ ಗಾಳಿಗಿಂತ ಕೆಳಗಿನ ಉಷ್ಣತೆಗೆ ಇಳಿಯಲಾರವು, ಹಾಗಾಗಿ ಓಡುತ್ತಿರುವಾಗ ಹನಿ ಕಟ್ಟುವುದಿಲ್ಲ. ತೊಂದರೆ ಇರುವುದು ವಾರಗಟ್ಟಲೆ ಆರಿಸಿಟ್ಟ ಕಂಪ್ಯೂಟರಿಗೆ. ಅದರೊಳಗಿನ ಧೂಳು ತೇವ ಹೀರಿ ಅಂಟಾಗುತ್ತದೆ, ಲೋಹ ಹಸಿರುಗಟ್ಟುತ್ತದೆ. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೊಂದು ಗಂಟೆ ಕಂಪ್ಯೂಟರ್ ಹಾಕಿಡಿ. ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಬಚ್ಚಲ ಒಲೆಯ ಹೊಗೆ, ಅಡಿಕೆ ಬೇಯಿಸುವ ಹೊಗೆ ಬರುವ ಕಡೆಯಲ್ಲಂತೂ ಇಡಬೇಡಿ. ಹೊಗೆಯ ಜಿಡ್ಡಿನ ಮೇಲೆ ಧೂಳು ಕೂತರೆ ಊದಿದರೂ ಹೋಗುವುದಿಲ್ಲ. ಒಂದು ಮನೆಯಲ್ಲಿ ತಗಡುಗಳ ಸಂದಿಯೇ ಕಾಣದಂತೆ ಕಪ್ಪು ಕಂಬಳಿ ಹೊದಿಸಿದ ಹಾಗಾಗಿದ್ದನ್ನು ನಾನೇ ಬ್ರಷ್ಷಿನಲ್ಲಿ ಬಿಡಿಸಿದ್ದೇನೆ.

ಅಡಿಕೆ ಕೊಯ್ಲು ಮುಗಿದ ಮೇಲೆ, ಬಿಸಿಲಿನ ದಿನಗಳಲ್ಲಿ ವರ್ಷಕ್ಕೊಮ್ಮೆ ಶುಚಿ ಮಾಡಿ. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ. ಪೆಟ್ಟಿಗೆಯ ಲೋಹ ಮುಟ್ಟಿದರೆ ನಿಮ್ಮ ಮೈಯ ಸ್ಥಿರ ವಿದ್ಯುತ್ತೂ ಹೋಗುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ; ಅತಿವೇಗಕ್ಕೆ ತಿರುಗಿದರೆ ಬೇರಿಂಗ್ ಸವೆಯುತ್ತದೆ.

ಕೂಲರನ್ನೇ ತೆಗೆಯಬೇಕಾದರೆ ಥರ್ಮಲ್ ಪೇಸ್ಟಿನ ಪರಿಚಯ ಬೇಕು. ಚಿಪ್ಪಿನ ಮುಖ, ಕೂಲರಿನ ತಳ ಎರಡೂ ನುಣುಪಾಗಿ ಕಂಡರೂ ನಡುವೆ ಕಣ್ಣಿಗೆ ಕಾಣದ ಸಂದುಗಳಿವೆ. ಅಲ್ಲಿ ನಿಂತ ಗಾಳಿ ಶಾಖವನ್ನು ದಾಟಿಸುವುದಿಲ್ಲ. ಕಂಬಳಿ ನಮ್ಮನ್ನು ಬೆಚ್ಚಗಿಡುವುದೂ ಒಳಗೆ ಸಿಕ್ಕಿಕೊಂಡ ಗಾಳಿಯಿಂದಲೇ. ಆ ಸಂದು ತುಂಬುವ ಮುಲಾಮಿನಂಥ ವಸ್ತು ಈ ಪೇಸ್ಟ್. ಕೂಲರ್ ತೆಗೆಯುವ ಮುನ್ನ ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ, ಪೇಸ್ಟ್ ಮೆತ್ತಗಾಗಲಿ. ಆಮೇಲೆ ಪ್ಲಗ್ ಕಿತ್ತು, ಕೂಲರನ್ನು ಮೆಲ್ಲಗೆ ಆಚೀಚೆ ತಿರುಚಿ ಬಿಡಿಸಿ. ನೇರವಾಗಿ ಎಳೆದರೆ ಎಎಮ್4 ಮಾದರಿಯ ಎಎಮ್‌ಡಿ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡೇ ಬಂದು ಪಿನ್ನುಗಳು ಬಾಗಬಹುದು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಎಂಬ ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಇಡಿ. ಸ್ಕ್ರೂಗಳನ್ನು ಒಂದೇ ಸಲ ಬಿಗಿಯದೆ, ಎದುರುಬದುರು ಮೂಲೆಗಳನ್ನು ಸ್ವಲ್ಪಸ್ವಲ್ಪವಾಗಿ ಬಿಗಿಯಿರಿ.

ಲಿಕ್ವಿಡ್ ಬೇಡವೇ ಬೇಡ ಎನ್ನುತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಿದ ಪರಮ್ ಪ್ರವೇಗ ಎಂಬ 3.3 ಪೆಟಾಫ್ಲಾಪ್ ವೇಗದ ಸೂಪರ್ ಕಂಪ್ಯೂಟರ್ ದ್ರವದಿಂದ ತಣ್ಣಗಾಗುವ ಯಂತ್ರಗಳಿಂದ ಕಟ್ಟಿದ್ದು. ಅಷ್ಟು ಶಾಖ ಒಂದೆಡೆ ಸೇರಿದಾಗ ದ್ರವವೇ ಸರಿ. ಅಲ್ಲಿ ನೋಡಿಕೊಳ್ಳಲು ಜನರಿದ್ದಾರೆ. ನಿಮ್ಮ ಕೆಲಸಕ್ಕೂ ದೊಡ್ಡ ಪ್ರೊಸೆಸರ್ ಬೇಕಿದ್ದು ಲಿಕ್ವಿಡ್ ಹಾಕಿಸುವುದಾದರೆ, ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಲಿ. ಗುಡ್ಡದಿಂದ ಪೈಪಿನಲ್ಲಿ ಅಬ್ಬಿ ನೀರು ತಂದವರಿಗೆ ಕಾರಣ ಹೇಳುವುದೇ ಬೇಡ: ಪೈಪು ಎಲ್ಲಿ ಉಬ್ಬಿ ಎತ್ತರವಾಗುತ್ತದೋ ಅಲ್ಲಿ ಗಾಳಿ ಕಟ್ಟಿಕೊಂಡು ನೀರು ನಿಲ್ಲುತ್ತದೆ. ಇಲ್ಲೂ ಗಾಳಿ ಅತ್ಯಂತ ಎತ್ತರದ ಜಾಗ ಹುಡುಕಿಕೊಳ್ಳುತ್ತದೆ. ಆ ಜಾಗ ಪಂಪಾಗಿದ್ದರೆ ಗುಳುಗುಳು ಸದ್ದಾಗಿ, ಒಣಗಿ ತಿರುಗಿ, ಬೇಗ ಸವೆಯುತ್ತದೆ. ಒಂದು ಕೊಳವೆ ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ದ್ರವ ಸರಿಯಾಗಿ ಹರಿಯುತ್ತಿಲ್ಲ.

ಯಾವುದನ್ನೇ ಹಾಕಿಸಿ, ಮೊದಲ ದಿನವೇ ಒಂದು ಕೆಲಸ ಮಾಡಿ. ಎಚ್‌ಡಬ್ಲ್ಯೂಮಾನಿಟರ್‌ನಂಥ ಉಚಿತ ತಂತ್ರಾಂಶ ಹಾಕಿಕೊಂಡು, ನಿಮ್ಮ ನಿತ್ಯದ ಕೆಲಸವನ್ನು ಅರ್ಧ ಗಂಟೆ ಮಾಡಿ, ಪ್ರೊಸೆಸರಿನ ಉಷ್ಣತೆಯನ್ನೂ ಫ್ಯಾನಿನ ಸುತ್ತುಗಳನ್ನೂ ತಾರೀಕಿನೊಂದಿಗೆ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಹೊರಬದಿಗೆ ಅಂಟಿಸಿ. ಮುಂದಿನ ವರ್ಷ ಅದೇ ತಿಂಗಳಲ್ಲಿ, ಅದೇ ಕೆಲಸಕ್ಕೆ ಹತ್ತು ಡಿಗ್ರಿ ಹೆಚ್ಚು ತೋರಿಸಿದರೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಿ.