ಹೆಬ್ಬಾತಿನ ರಕ್ತವೂ ಗರ್ಭಸ್ಥ ಶಿಶುವಿನ ರಕ್ತವೂ

ಮಾಗಡಿ ಎಂದೊಡನೆ ಅನೇಕ ವಾಚಕರಿಗೆ ಬೆಂಗಳೂರಿನ ಬಳಿಯ ಮಾಗಡಿಯೂ ಕೆಂಪೇಗೌಡರೂ ನೆನಪಿಗೆ ಬರುವುದು ಸಹಜ. ನಾವು ಹೇಳಹೊರಟಿರುವುದು ಆ ಮಾಗಡಿಯನ್ನಲ್ಲ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿಯನ್ನು. ಗದಗಿನಿಂದ ಸುಮಾರು 26 ಕಿಲೋಮೀಟರು ದೂರದಲ್ಲಿರುವ ಈ ಹಳ್ಳಿಯ ಕೆರೆಗೆ ಪ್ರತಿ ಚಳಿಗಾಲದಲ್ಲಿಯೂ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. 2024ರಲ್ಲಿ ಈ ಕೆರೆಯು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ, ಜಗತ್ತಿನ ಮಹತ್ತ್ವದ ಜೌಗುನೆಲೆಗಳಲ್ಲಿ ಒಂದೆನಿಸಿತು.

ಜನವರಿಯ ಕೊನೆಯಲ್ಲಿ ನಾವು ದಂಪತಿಗಳಿಬ್ಬರೂ ಅಲ್ಲಿಗೆ ಹೋಗಿದ್ದೆವು. ಹಕ್ಕಿಗಳನ್ನು ನೋಡುವ ಹವ್ಯಾಸ ನಮಗೆ ಇದ್ದುದಲ್ಲ. ಸೆಪ್ಟೆಂಬರಿನ ಕೊನೆಯ ವಾರದಲ್ಲಿ ನಮ್ಮ ಪತ್ನಿಗೆ ಒಂಬತ್ತು ವಾರದ ಗರ್ಭ ಇಳಿದುಹೋಗಿತ್ತು. ರಕ್ತ ಬಹಳ ಹೋದುದರಿಂದ ಹಿಮೊಗ್ಲೋಬಿನ್ 8 ಗ್ರಾಮಿನ ಆಸುಪಾಸಿಗೆ ಬಂದಿತ್ತು, 12 ಇರಬೇಕಾದದ್ದು. ವೈದ್ಯರು ಕಬ್ಬಿಣಾಂಶದ ಗುಳಿಗೆಗಳನ್ನು ಕೊಟ್ಟು, ಮೈಯಲ್ಲಿ ಶಕ್ತಿ ಬಂದಂತೆಲ್ಲ ಬಯಲಿನಲ್ಲಿ ನಡೆದಾಡಿರೆಂದು ಹೇಳಿದ್ದರು. ಆಕೆ ಮನೆಯ ಹೊಸಿಲನ್ನು ದಾಟಲು ಒಪ್ಪುತ್ತಿರಲಿಲ್ಲ. ಹೊಲದ ಪೈರನ್ನು ಬಸುರಿಯೆಂದು ಭಾವಿಸಿ ಚರಗ ಚೆಲ್ಲುವ ಸೀಗೆ ಹುಣ್ಣಿಮೆ ಅಕ್ಟೋಬರಿನಲ್ಲಿ ಬಂದಾಗ ನಾವಿಬ್ಬರೂ ಮನೆಯಲ್ಲಿಯೇ ಉಳಿದೆವು. ಎಳ್ಳಮಾವಾಸ್ಯೆಗೂ ಹಾಗೆಯೇ. ಮಾಗಡಿಗೆ ಹೊರಟದ್ದು, ಬಹುಶಃ, ಅಲ್ಲಿ ನಮ್ಮ ಗುರುತಿನವರು ಯಾರೂ ಇರಲಾರರೆಂಬ ಒಂದೇ ಧೈರ್ಯದಿಂದ.

ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರನ್ನು ಕಟ್ಟಿಕೊಂಡು ಮೊದಲ ಬಸ್ಸಿಗೆ ಹೊರಟೆವು. ಇಳಿದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಡಲೆ ಹೊಲದ ಬದುವಿನ ಮೇಲೆ ನಡೆಯುತ್ತಿದ್ದಾಗ ಆಕೆಯ ಸೀರೆಯ ಅಂಚೆಲ್ಲ ಇಬ್ಬನಿಯಿಂದ ನೆನೆಯಿತು. ಕಡಲೆಯ ಎಲೆಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಒಸರುತ್ತವೆ. ಆದ್ದರಿಂದಲೇ ಆ ಇಬ್ಬನಿ ಹುಳಿ. ಅದನ್ನು ಬಟ್ಟೆಯಲ್ಲಿ ಹೀರಿಸಿ ಹಿಂಡಿ ಔಷಧಿಗೆ ಇಟ್ಟುಕೊಳ್ಳುವ ರೂಢಿ ಈ ಕಡೆ ಹಿಂದಿನಿಂದಲೂ ಉಂಟು. ಆಕೆ ಒಂದು ಎಲೆಯನ್ನು ಕಿತ್ತು ನಾಲಿಗೆಗೆ ಹಚ್ಚಿ ಮುಖ ಕಿವಿಚಿದಳು. ನಾಲ್ಕು ತಿಂಗಳಲ್ಲಿ ಆಕೆ ತಾನಾಗಿ ಒಂದು ವಸ್ತುವಿನ ರುಚಿ ನೋಡಿದ್ದು ಅದೇ ಮೊದಲು.

ಕೆರೆಯ ಏರಿಯನ್ನು ಹತ್ತಿದಾಗ ನೀರಿನ ಮೇಲೆ ಬೂದುಬಣ್ಣದ ದೊಡ್ಡ ರಾಶಿ ಕಾಣಿಸಿತು. ಮಂಜು ತೆಳುವಾದಂತೆ ರಾಶಿಯು ಬಿಡಿಬಿಡಿಯಾಗಿ, ಒಂದೊಂದು ತಲೆಯ ಹಿಂಬದಿಯಲ್ಲಿಯೂ ಎರಡು ಕಪ್ಪು ಪಟ್ಟೆಗಳು ಸ್ಪಷ್ಟವಾದವು. ಬೆಳಗಿನ ಜಾವ ಹೊಲಗಳಲ್ಲಿ ಮೇದು ಮರಳಿದ ಗುಂಪುಗಳು ಇನ್ನೂ ಬಂದು ಇಳಿಯುತ್ತಲೇ ಇದ್ದವು. ನಾವು ಎಣಿಸತೊಡಗಿದುದನ್ನು ಕಂಡು ಏರಿಯ ಮೇಲೆ ಕುರಿ ಕಾಯುತ್ತಿದ್ದ ಮುದುಕರೊಬ್ಬರು, "ಯವ್ವಾ, ಎಣಿಸಾಕ ಹೋಗಬ್ಯಾಡ್ರಿ, ಒಂದು ಹಾರಿದ್ರ ಎಲ್ಲಾ ಹಾರ್ತಾವ" ಎಂದರು. ಎಣಿಸುವುದನ್ನು ಬಿಟ್ಟು ಒಂದು ಜಾಲಿಯ ಮರದ ಬಳಿ ಕುಳಿತೆವು.

ಈ ಹಕ್ಕಿಯ ತೂಕ ಎರಡು ಮೂರು ಕಿಲೋಗ್ರಾಮು. ಅದು ಮಂಗೋಲಿಯ, ಟಿಬೆಟ್ಟುಗಳ ಸರೋವರಗಳ ದಡದಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಇಲ್ಲಿಗೆ ಬರುತ್ತದೆ. ಹಕ್ಕಿಗಳ ಮೈಗೆ ಉಪಕರಣಗಳನ್ನು ಕಟ್ಟಿ ಅಳೆದಾಗ ಸುಮಾರು 7,290 ಮೀಟರು ಎತ್ತರದ ಹಾರಾಟವೂ ದಾಖಲೆಗೆ ಸಿಕ್ಕಿದೆ. ಬಹುಪಾಲು ದಾರಿಯಲ್ಲಿ ಅವು ಅಷ್ಟು ಮೇಲೇರುವುದಿಲ್ಲ. ಬೆಟ್ಟದ ಮೈಯನ್ನೇ ಅನುಸರಿಸಿ ಏರುತ್ತ ಇಳಿಯುತ್ತ ಸಾಗುತ್ತವೆ. ಆದರೂ 5,500 ಮೀಟರು ಎತ್ತರದಲ್ಲಿಯೇ ಗಾಳಿಯ ಒತ್ತಡ ಕಡಲ ಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ಅಲ್ಲಿ ಅಭ್ಯಾಸವಿಲ್ಲದ ಮನುಷ್ಯ ನಾಲ್ಕು ಹೆಜ್ಜೆಗೇ ಏದುಸಿರು ಬಿಡುತ್ತಾನೆ. ಈ ಹಕ್ಕಿ ರೆಕ್ಕೆ ಬಡಿಯುತ್ತ ಮುಂದುವರಿಯುತ್ತದೆ.

ಇದರ ಗುಟ್ಟಿನ ಒಂದು ಭಾಗ ರಕ್ತದಲ್ಲಿದೆ. ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ಹಿಮೊಗ್ಲೋಬಿನ್ ನಾಲ್ಕು ಸರಪಳಿಗಳ ಪ್ರೋಟೀನು. ಎರಡು ಆಲ್ಫಾ, ಎರಡು ಬೀಟಾ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದು, ಅಂಗಾಂಗಗಳಲ್ಲಿ ಬಿಟ್ಟುಕೊಡುವುದು ಅದರ ಕೆಲಸ. ಬಯಲುಸೀಮೆಯ ಬೂದು ಹೆಬ್ಬಾತಿನ ಆಲ್ಫಾ ಸರಪಳಿಯಲ್ಲಿ 119ನೆಯ ಸ್ಥಾನದಲ್ಲಿ ಪ್ರೋಲೀನ್ ಎಂಬ ಅಮೈನೊ ಆಮ್ಲವಿದೆ. ಪಟ್ಟೆತಲೆಯ ಹೆಬ್ಬಾತಿನಲ್ಲಿ ಅದೇ ಸ್ಥಾನದಲ್ಲಿ ಅಲನೀನ್ ಇದೆ. ಈ ಸಣ್ಣ ಬದಲಾವಣೆಯಿಂದ ಹಿಮೊಗ್ಲೋಬಿನ್ನಿನ ಹಿಡಿತ ಬಿಗಿಯಾಗಿ, ವಿರಳವಾದ ಗಾಳಿಯಿಂದಲೂ ಅದು ಆಮ್ಲಜನಕವನ್ನು ಸೆಳೆದುಕೊಳ್ಳಬಲ್ಲದು.

ಇದೇ ಬಗೆಯ ಉಪಾಯವನ್ನು ಪ್ರಕೃತಿಯು ಇನ್ನೊಂದೆಡೆಯಲ್ಲಿಯೂ ಹೂಡಿದೆ. ತಾಯಿಯ ಗರ್ಭದಲ್ಲಿರುವ ಶಿಶು ತಾನಾಗಿ ಉಸಿರಾಡದು. ಮಾಸಿನಲ್ಲಿ ತಾಯಿಯ ರಕ್ತದಿಂದ ಆಮ್ಲಜನಕವನ್ನು ಪಡೆಯಬೇಕು. ತಾಯಿಯ ಧಮನಿಗಳಲ್ಲಿ ಆಮ್ಲಜನಕದ ಒತ್ತಡ ಪಾದರಸದ ಸುಮಾರು 100 ಮಿಲಿಮೀಟರು. ಹೊಕ್ಕುಳಬಳ್ಳಿಯ ಮೂಲಕ ಶಿಶುವಿಗೆ ತಲಪುವ ಒಳ್ಳೆಯ ರಕ್ತದಲ್ಲಿಯೂ ಅದು 30ರ ಸುತ್ತಮುತ್ತ ಮಾತ್ರ. ಜೋಸೆಫ್ ಬಾರ್‌ಕ್ರಾಫ್ಟ್ ಎಂಬ ಶರೀರಶಾಸ್ತ್ರಜ್ಞರು ಗರ್ಭಸ್ಥ ಶಿಶುವಿನ ಸ್ಥಿತಿಯನ್ನು ಎವರೆಸ್ಟ್ ಶಿಖರಕ್ಕೆ ಹೋಲಿಸಿದ್ದು ಇದಕ್ಕಾಗಿಯೇ. ಆ ಎತ್ತರದಲ್ಲಿ ಬಾಳಲು ಶಿಶುವಿನ ಹಿಮೊಗ್ಲೋಬಿನ್ನಿನಲ್ಲಿ ಬೀಟಾ ಸರಪಳಿಗಳ ಬದಲು ಗಾಮಾ ಸರಪಳಿಗಳಿರುತ್ತವೆ. ಕೆಂಪುಕಣದೊಳಗೆ ಆಮ್ಲಜನಕದ ಹಿಡಿತವನ್ನು ಸಡಿಲಿಸುವ ಒಂದು ಫಾಸ್ಫೇಟ್ ಸಂಯುಕ್ತವುಂಟು. ಅದು ಗಾಮಾ ಸರಪಳಿಗಳಿಗೆ ಸರಿಯಾಗಿ ಅಂಟಿಕೊಳ್ಳದು. ಆದ್ದರಿಂದ ತಾಯಿಯ ರಕ್ತ ಬಿಟ್ಟುಕೊಡುವುದನ್ನು ಶಿಶುವಿನ ರಕ್ತ ಹಿಡಿದುಕೊಳ್ಳುತ್ತದೆ.

ಇಷ್ಟನ್ನು ಪಾಠ ಹೇಳುವವರಂತೆ ಹೇಳಿ ಮುಗಿಸಿದಾಗ ಆಕೆ ನೀರನ್ನೇ ನೋಡುತ್ತ, "ನಮ್ಮ ಕೂಸಿಗೂ ಅಂಥಾ ರಕ್ತ ಇತ್ತೇನ್ರೀ?" ಎಂದು ಕೇಳಿದಳು.

ಶಾಸ್ತ್ರದ ಪ್ರಕಾರ ಉತ್ತರ ಹೀಗೆ. ಮೊದಲ ವಾರಗಳಲ್ಲಿ ಭ್ರೂಣದ ರಕ್ತದಲ್ಲಿ ಇನ್ನೊಂದೇ ಬಗೆಯ ಹಿಮೊಗ್ಲೋಬಿನ್ ಇರುತ್ತದೆ. ಎರಡನೆಯ ತಿಂಗಳು ಕಳೆಯುತ್ತಿರುವಂತೆ ಗಾಮಾ ಸರಪಳಿಯದು ಅದರ ಸ್ಥಾನಕ್ಕೆ ಬರುತ್ತದೆ. ಒಂಬತ್ತು ವಾರವೆಂದರೆ ಆ ಬದಲಾವಣೆಯ ಕಾಲ. "ಆಗತಾನೆ ಬರುತ್ತಿತ್ತು" ಎಂದೆವು. ಆಕೆ ಬಹಳ ಹೊತ್ತು ಅತ್ತಳು. ನಾವೂ ಅತ್ತೆವು. ಕುರಿ ಕಾಯುವ ಮುದುಕರು ಕುರಿಗಳನ್ನು ಅಟ್ಟಿಕೊಂಡು ಏರಿಯ ಆ ತುದಿಗೆ ಹೋದರು.

ಅನಂತರವೇ ಮನಸ್ಸಿನಲ್ಲಿ ಮುಚ್ಚಿಟ್ಟುಕೊಂಡಿದ್ದು ಹೊರಬಿದ್ದಿತು. ತಾನು ತುಂಬಿದ ಕೊಡವನ್ನು ಎತ್ತಿದುದರಿಂದ ಹೀಗಾಯಿತೆಂದು ಆಕೆ ನಂಬಿದ್ದಳು. ಮದುವೆಯೊಂದಕ್ಕೆ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಲೇಬೇಕೆಂದು ನಾವು ಹಟ ಹಿಡಿದುದರಿಂದ ಆಯಿತೆಂದು ನಾವು ನಂಬಿದ್ದೆವು. ಊಟದ ಮೇಲೆ ತಿಂದ ಪಪ್ಪಾಯಿ ಹಣ್ಣಿನ ಹೋಳೇ ಕಾರಣವೆಂದು ನೆರೆಯವರು ತೀರ್ಮಾನಿಸಿದ್ದರು. ಒಂದೇ ಮನೆಯಲ್ಲಿ ನಾಲ್ಕು ತಿಂಗಳು ಇಬ್ಬರೂ ಬೇರೆಬೇರೆ ತಪ್ಪನ್ನು ಹೊತ್ತು ತಿರುಗಿದ್ದೆವು.

ಈ ಮೂರರಲ್ಲಿ ಒಂದೂ ಕಾರಣವಲ್ಲ. ಖಚಿತವಾದ ಗರ್ಭಗಳಲ್ಲಿಯೂ ನೂರಕ್ಕೆ 10ರಿಂದ 20 ಹೀಗೆ ಇಳಿದುಹೋಗುತ್ತವೆ. ಬಹುಪಾಲು ಮೊದಲ ಮೂರು ತಿಂಗಳಲ್ಲಿ. ಅಂಥವುಗಳಲ್ಲಿ ಅರ್ಧದಷ್ಟಕ್ಕೆ ವರ್ಣತಂತುಗಳ ಲೆಕ್ಕ ತಪ್ಪಿದುದೇ ಕಾರಣ. ತಾಯಿಯಿಂದ 23, ತಂದೆಯಿಂದ 23, ಒಟ್ಟು 46 ಬರಬೇಕು. ಒಂದು ಹೆಚ್ಚಾದರೆ ಅಥವಾ ಕಡಿಮೆಯಾದರೆ ಭ್ರೂಣ ಸಾಮಾನ್ಯವಾಗಿ ಮುಂದೆ ಬೆಳೆಯದು. ಈ ತಪ್ಪು ಹೆಚ್ಚಾಗಿ ಅಂಡಾಣುವಿನ ವಿಭಜನೆಯಲ್ಲಿ ಆಗುವಂಥದು. ಆ ವಿಭಜನೆ ಪ್ರಾರಂಭವಾಗುವುದು ಹೆಣ್ಣು ತಾನೇ ತನ್ನ ತಾಯಿಯ ಗರ್ಭದಲ್ಲಿದ್ದಾಗ. ನಡುವೆ ಹತ್ತಾರು ವರ್ಷ ನಿಂತು, ಅಂಡಾಣು ಪಕ್ವವಾಗುವಾಗ ಮುಂದುವರಿಯುತ್ತದೆ. ಅಲ್ಲಿಗೆ ಯಾರ ಕೈಯೂ ತಲಪದು; ಕೊಡದ ಭಾರವೂ ಬಸ್ಸಿನ ಕುಲುಕಾಟವೂ ತಲಪವು. ನಮ್ಮ ಪ್ರಸಂಗದಲ್ಲಿ ಪರೀಕ್ಷೆ ಮಾಡಿಸಲಿಲ್ಲ. ಮೊದಲನೆಯ ಸಲಕ್ಕೆ ಸಾಮಾನ್ಯವಾಗಿ ಮಾಡಿಸುವುದೂ ಇಲ್ಲ. ಮತ್ತೆ ಮತ್ತೆ ಹೀಗಾದರೆ ಪರೀಕ್ಷೆ ಅಗತ್ಯ. ಜ್ವರ ಬಂದರೆ, ರಕ್ತಸ್ರಾವ ನಿಲ್ಲದಿದ್ದರೆ ಮಾತ್ರ ಒಂದು ದಿನವೂ ತಡೆಯದೆ ವೈದ್ಯರಲ್ಲಿಗೆ ಹೋಗಬೇಕು.

ಬಿಸಿಲೇರಿದ ಮೇಲೆ ರೊಟ್ಟಿಯ ಗಂಟು ಬಿಚ್ಚಿದೆವು. ಮನುಷ್ಯನ ಕೆಂಪುಕಣದ ಆಯುಸ್ಸು ಸುಮಾರು 120 ದಿನ. ಎಲುಬಿನ ಮಜ್ಜೆಯು ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಹೊಸ ಕಣಗಳನ್ನು ಹುಟ್ಟಿಸುತ್ತಿರುತ್ತದೆ. ಸೆಪ್ಟೆಂಬರಿನ ಕೊನೆಯಿಂದ ಲೆಕ್ಕ ಹಾಕಿದರೆ ಅಂದಿಗೆ ಹೆಚ್ಚುಕಡಮೆ ಅಷ್ಟೇ ದಿನಗಳಾಗಿದ್ದವು: ಆ ರಾತ್ರಿ ಮೈಯಲ್ಲಿದ್ದ ರಕ್ತದ ಕಣಗಳು ಬಹುತೇಕ ಈಗ ಆಕೆಯಲ್ಲಿರಲಿಲ್ಲ. ಇದನ್ನು ಹೇಳಿದಾಗ ಆಕೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಇನ್ನೊಂದು ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡಳು. ಮುದುಕರಿಗೂ ಎರಡು ಕೊಟ್ಟೆವು.

ಸಂಜೆ ಹೆಬ್ಬಾತುಗಳು ಗುಂಪುಗುಂಪಾಗಿ ಹೊಲಗಳ ಕಡೆಗೆ ಎದ್ದವು. ಇವು ಎಂದಿಗೆ ಮರಳಿ ಹೋಗುತ್ತವೆಯೆಂದು ಆಕೆ ಕೇಳಿದಳು. "ಶಿವರಾತ್ರಿ ಹೊತ್ತಿಗೆ ಹೊಂಡ್ತಾವ ಯವ್ವಾ" ಎಂದರು ಮುದುಕರು. ಬಸ್ಸಿನಲ್ಲಿ ಕುಳಿತ ಮೇಲೆ, ಶಿವರಾತ್ರಿಗೆ ಇನ್ನೆಷ್ಟು ದಿನವಿದೆಯೆಂದು ಆಕೆ ಬೆರಳು ಮಡಿಚಿ ಎಣಿಸುತ್ತಿದ್ದಳು.