ತಾತನ ಕೈ ನಡುಕ: ಮದ್ದು ಹುಡುಕುವ ಬೀಗ ಎಲ್ಲಿದೆ?

ನಮ್ಮ ಬಳಗದ ಗೆಳೆಯನೊಬ್ಬನ ಊರು ಹೊಳೆನರಸೀಪುರದ ಹತ್ತಿರ. ಹೋದ ರಜೆಯಲ್ಲಿ ನಾವು ನಾಲ್ಕು ಜನ ಅಲ್ಲಿಗೆ ಹೋಗಿದ್ದೆವು. ಅವನ ತಾತನಿಗೆ 72 ವರ್ಷ. ಜಗಲಿ ಮೇಲೆ ಸುಮ್ಮನೆ ಕೂತಿದ್ದರೆ ಅವರ ಕೈ ಒಂಚೂರೂ ಅಲುಗಾಡಲ್ಲ. ಕಾಫಿ ಲೋಟಕ್ಕೆ ಕೈ ಚಾಚಿದರೆ ಸಾಕು, ನಡುಕ ಶುರು. ಅರ್ಧ ಕಾಫಿ ಪಂಚೆ ಮೇಲೆ. "ಏನ್ ಗೌಡ್ರೇ, ಬೆಳಗ್ಗೆನೇ ಹಾಕ್ಬಿಟ್ರಾ?" ಅಂತ ಊರಿನವರ ತಮಾಷೆ ಬೇರೆ. ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲ ಅಂತ ಎರಡು ಸಲ ಚೀಟಿ ವಾಪಸ್ ಬಂದಿತ್ತು. ಮನೆಯವರು ಮೊಬೈಲಿನಲ್ಲಿ ಹುಡುಕಿ, ಇದು ಪಾರ್ಕಿನ್ಸನ್ ಕಾಯಿಲೆಯೇ ಅಂತ ತಾವೇ ತೀರ್ಮಾನ ಮಾಡಿಕೊಂಡು ಆರು ತಿಂಗಳು ಹೆದರಿಕೊಂಡೇ ಇದ್ದರು. ಯಾರೋ ಹೇಳಿದರು ಅಂತ ನಸುಗುನ್ನಿ ಬೀಜದ ಪುಡಿಯನ್ನೂ ಕುಡಿಸಿದ್ದರು.

ಕೊನೆಗೆ ಹಾಸನದಲ್ಲಿ ನರರೋಗ ವೈದ್ಯರೊಬ್ಬರಿಗೆ ತೋರಿಸಿದಾಗ ಅವರು ಮಾಡಿಸಿದ್ದು ತುಂಬ ಸರಳ ಪರೀಕ್ಷೆ. ಎರಡೂ ಕೈ ಮುಂದೆ ಚಾಚಿ ಅಂದರು, ಮೂಗು ಮುಟ್ಟಿ ಅಂದರು, ಹಾಳೆ ಮೇಲೆ ಒಂದು ಸುರುಳಿ ಬರೆಸಿದರು. ಆಮೇಲೆ ಹೇಳಿದ್ದು: ಇದು ಪಾರ್ಕಿನ್ಸನ್ ಅಲ್ಲ, ಎಸೆನ್ಷಿಯಲ್ ಟ್ರೆಮರ್. ಊರಿಗೆ ವಾಪಸ್ ಬರುವಾಗ ಗೆಳೆಯ ನಮ್ಮನ್ನು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ: "ಮಾತ್ರೆ ಕೊಟ್ಟಿದ್ದಾರೆ. ಆದ್ರೆ ಅದು ಒಳಗೆ ಹೋಗಿ ಏನ್ ಮಾಡುತ್ತೆ?"

ಎರಡು ನಡುಕ, ಎರಡು ದಾರಿ

ಪಾರ್ಕಿನ್ಸನ್‌ನಲ್ಲಿ ಕೈ ವಿಶ್ರಾಂತಿಯಲ್ಲಿದ್ದಾಗ ನಡುಕ ಜಾಸ್ತಿ; ಸಾಮಾನ್ಯವಾಗಿ ಸೆಕೆಂಡಿಗೆ 4ರಿಂದ 6 ಸಲ. ಜೊತೆಗೆ ಚಲನೆ ನಿಧಾನವಾಗುತ್ತದೆ, ಅಕ್ಷರ ಚಿಕ್ಕದಾಗುತ್ತಾ ಹೋಗುತ್ತದೆ. ಎಸೆನ್ಷಿಯಲ್ ಟ್ರೆಮರ್‌ನಲ್ಲಿ ಕೆಲಸ ಮಾಡುವಾಗಲೇ ನಡುಕ. ಸೆಕೆಂಡಿಗೆ 4ರಿಂದ 12 ಸಲ. ಅಕ್ಷರ ದೊಡ್ಡದಾಗಿ ಅಂಕುಡೊಂಕಾಗುತ್ತದೆ. ಕೆಲವರಿಗೆ ತಲೆ, ದನಿ ಕೂಡ ನಡುಗುತ್ತವೆ. ಎಷ್ಟೋ ಮನೆಗಳಲ್ಲಿ ಇದು ವಂಶದಲ್ಲಿ ಹರಿದು ಬರುತ್ತದೆ. ವಯಸ್ಸಾದವರಲ್ಲಿ ಹೆಚ್ಚಾದರೂ ನಮ್ಮ ವಯಸ್ಸಿನವರಿಗೂ ಬರಬಹುದು.

ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ಕೊರತೆ ಇರುತ್ತದೆ. ನಸುಗುನ್ನಿ ಬೀಜದಲ್ಲಿ ಎಲ್-ಡೋಪಾ ಇದೆ, ಅದು ಮೆದುಳಿನಲ್ಲಿ ಡೋಪಮೈನ್ ಆಗುತ್ತದೆ ಅನ್ನುವುದೂ ನಿಜ. ಆದರೆ ಎಸೆನ್ಷಿಯಲ್ ಟ್ರೆಮರ್‌ನಲ್ಲಿ ಕೆಟ್ಟಿರುವುದು ಆ ದಾರಿ ಅಲ್ಲ. ತಾತನಿಗೆ ಪುಡಿ ಯಾಕೆ ನಾಟಲಿಲ್ಲ ಅನ್ನುವುದಕ್ಕೆ ಉತ್ತರ ಇಷ್ಟೇ.

ಗ್ರಾಹಕ ಅಂದ್ರೆ ಗಿರಾಕಿ ಅಲ್ಲ

ರಿಸೆಪ್ಟರ್‌ಗೆ ಕನ್ನಡದಲ್ಲಿ 'ಗ್ರಾಹಕ' ಅನ್ನುತ್ತೇವೆ. ಜೀವಕೋಶದ ಹೊದಿಕೆಯ ಮೇಲೆ ಕೂತಿರುವ ಪ್ರೋಟೀನು ಇದು. ಅದನ್ನು ಬೀಗ ಅಂದುಕೊಳ್ಳಿ. ನಮ್ಮ ದೇಹದ ರಾಸಾಯನಿಕಗಳು ಕೀಲಿಕೈ. ಕೀಲಿ ಕೂತರೆ ಕೋಶದೊಳಗೆ ಒಂದು ಕೆಲಸ ಶುರುವಾಗುತ್ತದೆ ಅಥವಾ ನಿಲ್ಲುತ್ತದೆ. ಮದ್ದು ಮೂರು ರೀತಿ ಆಟ ಆಡಬಹುದು: ತಾನೇ ಕೀಲಿಯಾಗಿ ಬೀಗ ತೆರೆಯಬಹುದು, ಬೀಗದ ತೂತಿಗೆ ಅಡ್ಡ ಕೂರಬಹುದು, ಇಲ್ಲವೇ ಪಕ್ಕದಲ್ಲಿ ಕೂತು ಅಸಲಿ ಕೀಲಿ ಇನ್ನೂ ಚೆನ್ನಾಗಿ ತಿರುಗುವಂತೆ ಮಾಡಬಹುದು.

ಮೊದಲ ಗುರಿ: ಬೀಟಾ ಗ್ರಾಹಕ

1948ರಲ್ಲಿ ರೇಮಂಡ್ ಆಲ್‌ಕ್ವಿಸ್ಟ್ ಎಂಬ ಅಮೆರಿಕದ ವಿಜ್ಞಾನಿ, ಅಡ್ರಿನಲಿನ್‌ಗೆ ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಯ ಗ್ರಾಹಕಗಳಿವೆ ಎಂದರು. ಆ ವಿಚಾರ ಹಿಡಿದು ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಹೃದಯದ ಕಾಯಿಲೆಗೆಂದು ಪ್ರೊಪ್ರನಲಾಲ್ ರೂಪಿಸಿದರು. 1988ರಲ್ಲಿ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಇದೇ ಮಾತ್ರೆ ನಡುಕವನ್ನೂ ತಗ್ಗಿಸುತ್ತದೆ ಅನ್ನುವುದು ಆಮೇಲೆ ಗೊತ್ತಾಯಿತು. ಇವತ್ತಿಗೂ ವೈದ್ಯರು ಮೊದಲು ನೆನೆಯುವ ಮದ್ದುಗಳಲ್ಲಿ ಇದೂ ಒಂದು.

ಇಲ್ಲೊಂದು ತಿರುವು ಇದೆ. ಮೆದುಳಿಗೆ ಅಷ್ಟಾಗಿ ದಾಟದ ಬೀಟಾ ತಡೆಗಳೂ ಒಂದಿಷ್ಟು ನಡುಕ ತಗ್ಗಿಸುತ್ತವೆ. ಹಾಗಾಗಿ ಪ್ರೊಪ್ರನಲಾಲ್‌ನ ಮುಖ್ಯ ಗುರಿ ಮೆದುಳಿಗಿಂತ ಹೆಚ್ಚಾಗಿ ತೋಳಿನ ಸ್ನಾಯುವಿನಲ್ಲಿರುವ ಬೀಟಾ-2 ಗ್ರಾಹಕ ಇರಬೇಕು ಎಂದು ಬಹಳ ಜನ ತಜ್ಞರು ನಂಬುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ, ಕಂಟ್ರೋಲರ್ ಮುಟ್ಟದೆ ಸೆನ್ಸರ್‌ನ ಗೇನ್ ಇಳಿಸಿದ ಹಾಗೆ.

ತಾತನಿಗೆ ಮಾತ್ರ ವೈದ್ಯರು ಇದನ್ನು ಕೊಡಲಿಲ್ಲ. ಯಾಕೆ? ತಾತನಿಗೆ ಉಬ್ಬಸ ಇದೆ. ಶ್ವಾಸನಾಳದ ಗೋಡೆಯಲ್ಲೂ ಅದೇ ಬೀಟಾ-2 ಗ್ರಾಹಕ ಇದೆ. ಅದು ಕೆಲಸ ಮಾಡಿದರೆ ನಾಳ ಅಗಲವಾಗುತ್ತದೆ. ಅದನ್ನು ತಡೆದರೆ ಉಬ್ಬಸ ಇರುವವರಿಗೆ ಉಸಿರೇ ಕಟ್ಟಬಹುದು. ಒಂದೇ ಬೀಗ, ಎರಡು ಮನೆ. "ಪಕ್ಕದ ಮನೆಯವರಿಗೆ ವಾಸಿಯಾಯ್ತು" ಅಂತ ಅವರ ಚೀಟಿ ತೋರಿಸಿ ಮಾತ್ರೆ ತರಬಾರದು ಅನ್ನುವುದು ಇದಕ್ಕೇ.

ಎರಡನೇ ಗುರಿ: ಮೆದುಳಿನ ಬ್ರೇಕು

ನಡುಕ ಹುಟ್ಟುವುದು ಮೆದುಳಿನ ಒಂದು ಲೂಪಿನಲ್ಲಿ. ಕಿರುಮೆದುಳಿನಿಂದ ಥಲಾಮಸ್‌ಗೆ, ಅಲ್ಲಿಂದ ಚಲನೆಯ ಕಾರ್ಟೆಕ್ಸ್‌ಗೆ, ಮತ್ತೆ ವಾಪಸ್ ಕಿರುಮೆದುಳಿಗೆ ಸಂದೇಶ ಸುತ್ತುತ್ತದೆ. ಫೀಡ್‌ಬ್ಯಾಕಿನಲ್ಲಿ ತಡ ಮತ್ತು ಗೇನ್ ಎರಡೂ ಸೇರಿದರೆ ಸರ್ಕ್ಯೂಟ್ ಆಂದೋಲನಕ್ಕೆ ಬೀಳುತ್ತದೆ ಅಂತ ಕಂಟ್ರೋಲ್ ಸಿಸ್ಟಮ್ಸ್ ತರಗತಿಯಲ್ಲಿ ಓದಿದ್ದೇವಲ್ಲ, ಹೆಚ್ಚುಕಮ್ಮಿ ಅದೇ ಕಥೆ.

ಈ ಲೂಪಿಗೆ ಬ್ರೇಕ್ ಹಾಕುವ ರಾಸಾಯನಿಕ ಗಾಬಾ. ಕಿರುಮೆದುಳಿನ ಪರ್ಕಿಂಜೆ ಕೋಶಗಳು ಗಾಬಾ ಸುರಿಸಿ ಡೆಂಟೇಟ್ ಎಂಬ ಕೇಂದ್ರವನ್ನು ಹತೋಟಿಯಲ್ಲಿ ಇಡುತ್ತವೆ. ಗಾಬಾ-ಎ ಗ್ರಾಹಕ ಐದು ತುಂಡು ಸೇರಿ ಆದ ಒಂದು ಕೊಳವೆ. ಗಾಬಾ ಕೂತಾಗ ಬಾಯಿ ತೆರೆದು ಕ್ಲೋರೈಡ್ ಒಳಬಿಡುತ್ತದೆ, ಕೋಶ ತಣ್ಣಗಾಗುತ್ತದೆ. ಈ ಕಾಯಿಲೆ ಇದ್ದು ತೀರಿಕೊಂಡವರ ಮೆದುಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಡೆಂಟೇಟ್‌ನಲ್ಲಿ ಗಾಬಾ ಗ್ರಾಹಕಗಳೇ ಕಡಿಮೆ ಇದ್ದದ್ದು ಕಂಡಿತು. ಬ್ರೇಕಿನ ಕಾಲು ಒತ್ತಿದರೂ ಬ್ರೇಕು ಹಿಡಿಯದ ಸ್ಥಿತಿ ಇದು ಎಂಬುದು ಒಂದು ವಾದ. ಎಲ್ಲ ರೋಗಿಗಳಿಗೂ ಇದೇ ಕಾರಣ ಅಂತ ಇನ್ನೂ ಸಾಬೀತಾಗಿಲ್ಲ.

ತಾತನಿಗೆ ಕೊಟ್ಟ ಪ್ರಿಮಿಡೋನ್ ಮೂಲತಃ ಮೂರ್ಛೆ ರೋಗದ ಮದ್ದು. ದೇಹ ಅದರ ಒಂದು ಭಾಗವನ್ನು ಫಿನೋಬಾರ್ಬಿಟಾಲ್ ಮಾಡುತ್ತದೆ. ಅದು ಗಾಬಾ-ಎ ಗ್ರಾಹಕದ ಕೊಳವೆ ಹೆಚ್ಚು ಹೊತ್ತು ತೆರೆದಿರುವಂತೆ ಮಾಡುತ್ತದೆ. ಪ್ರಿಮಿಡೋನ್ ತಾನೂ ನೇರವಾಗಿ ಕೆಲಸ ಮಾಡುತ್ತದೆ. ಮೊದಲ ಮಾತ್ರೆಗೇ ತಲೆಸುತ್ತು, ವಾಂತಿ ಬರಬಹುದು ಅಂತ ವೈದ್ಯರು ತುಂಬ ಕಡಿಮೆ ಪ್ರಮಾಣದಿಂದ ರಾತ್ರಿ ಹೊತ್ತು ಶುರು ಮಾಡಿಸಿದರು.

ಊರಿನವರ ತಮಾಷೆಯಲ್ಲಿ ಒಂದು ಕಹಿ ಸತ್ಯವೂ ಇದೆ. ಹೆಂಡ ಕೂಡ ಗಾಬಾ-ಎ ಮೇಲೆ ಕೆಲಸ ಮಾಡುತ್ತದೆ. ಈ ಕಾಯಿಲೆಯ ಎಷ್ಟೋ ಜನರಿಗೆ ಸ್ವಲ್ಪ ಕುಡಿದರೆ ನಡುಕ ಇಳಿಯುತ್ತದೆ. ಇಳಿದ ಮೇಲೆ ನಡುಕ ಇನ್ನೂ ಜೋರಾಗಿ ಮರಳುತ್ತದೆ, ಚಟ ಅಂಟಿಕೊಳ್ಳುತ್ತದೆ. ಕುಡಿದಿದ್ದರಿಂದ ನಡುಗುತ್ತಾನೆ ಅಂತ ಜನ ಅಂದುಕೊಂಡವನು, ನಡುಗುವುದು ನಿಲ್ಲಲಿ ಅಂತ ಕುಡಿಯಲು ಶುರು ಮಾಡಿರಲೂಬಹುದು. ನಮ್ಮ ತಾತ ಕುಡಿದವರೇ ಅಲ್ಲ.

ಇನ್ನೂ ತೆರೆಯದ ಬೀಗಗಳು

ಈ ಎರಡು ಮಾತ್ರೆಗಳೂ ಕೆಲಸ ಮಾಡಿದವರಲ್ಲಿ ನಡುಕವನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ, ಅಷ್ಟೇ. ಬಹಳ ಜನರಿಗೆ ನಾಟುವುದೇ ಇಲ್ಲ. ಎರಡನ್ನೂ ಬೇರೆ ಕಾಯಿಲೆಗೆಂದು ಮಾಡಿದ್ದು ಅನ್ನುವುದನ್ನು ಗಮನಿಸಿ. ಗಾಬಾ-ಎ ಗ್ರಾಹಕವನ್ನೇ ಗುರಿಯಾಗಿಟ್ಟ ಒಂದು ಹೊಸ ಮದ್ದು 2024ರಲ್ಲಿ ಎರಡನೇ ಹಂತದ ಪರೀಕ್ಷೆಯಲ್ಲಿ ಸೋತಿತು. ಗಾಬಾ ಮೆದುಳಿನ ಎಲ್ಲ ಕಡೆ ಇರುವುದರಿಂದ, ಒಂದು ಕಡೆ ಬ್ರೇಕ್ ಒತ್ತಿದರೆ ಇಡೀ ಮೆದುಳಿಗೆ ತೂಕಡಿಕೆ ಬರುವುದು ಈ ದಾರಿಯ ಹಳೆಯ ತೊಡಕು. ಇನ್ನೊಂದು ಗುರಿ ಟಿ-ಟೈಪ್ ಕ್ಯಾಲ್ಸಿಯಂ ಕೊಳವೆ. ಅದು ಗ್ರಾಹಕ ಅಲ್ಲ, ಕೋಶದ ವೋಲ್ಟೇಜಿಗೆ ತೆರೆಯುವ ಬಾಗಿಲು. ಲೂಪಿನ ತಾಳ ಹಿಡಿಯುವುದರಲ್ಲಿ ಅದರ ಪಾತ್ರ ದೊಡ್ಡದು. ಈ ಕೊಳವೆಯ ಒಂದು ಜೀನು ಇಲ್ಲದ ಇಲಿಗಳಿಗೆ ಹಾರ್ಮಲಿನ್ ಎಂಬ ನಡುಕ ಬರಿಸುವ ವಸ್ತು ಕೊಟ್ಟರೂ ಅವು ಅಷ್ಟಾಗಿ ನಡುಗಲಿಲ್ಲ.

ಮಾತ್ರೆ ಸೋತಲ್ಲಿ ನಮ್ಮಂಥವರ ವಿದ್ಯೆ ಬರುತ್ತದೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಬಿದ್ ತಂಡ ಥಲಾಮಸ್‌ಗೆ ಎಲೆಕ್ಟ್ರೋಡ್ ಇಟ್ಟು ವಿದ್ಯುತ್ ಮಿಡಿತ ಕೊಟ್ಟು ನಡುಕ ತಡೆದು ತೋರಿಸಿತು. ನೀವೂ ಒಂದು ಸಣ್ಣ ಪ್ರಯೋಗ ಮಾಡಬಹುದು. ಫೋನನ್ನು ಕೈಯಲ್ಲಿ ಹಿಡಿದು ಚಾಚಿ, ಅಕ್ಸೆಲೆರೋಮೀಟರ್ ದತ್ತಾಂಶವನ್ನು ಸೆಕೆಂಡಿಗೆ 100 ಸಲ ದಾಖಲಿಸಿ, ಎಫ್‌ಎಫ್‌ಟಿ ಹಾಕಿ. ನಮ್ಮೆಲ್ಲರ ಕೈಯೂ ಸಾಮಾನ್ಯವಾಗಿ 8ರಿಂದ 12 ಹರ್ಟ್ಜ್‌ನಲ್ಲಿ ಸಣ್ಣಗೆ ನಡುಗುತ್ತದೆ. ಕೈಗೆ ತೂಕ ಕಟ್ಟಿದರೆ ಈ ಸಹಜ ನಡುಕದ ಆವರ್ತನ ಇಳಿಯುತ್ತದೆ. ಮೆದುಳಿನಲ್ಲಿ ಹುಟ್ಟಿದ ನಡುಕದ್ದು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆದರೆ ಫೋನಿನ ಗ್ರಾಫ್ ನೋಡಿ ಯಾರಿಗೂ ಕಾಯಿಲೆ ಇದೆ ಅಂತ ಹೇಳಬೇಡಿ. ಅದು ವೈದ್ಯರ ಕೆಲಸ.

ಗ್ರಾಹಕಗಳ ಲೆಕ್ಕ ಸಿಗಬೇಕಾದರೆ ಮೆದುಳನ್ನು ದಾನ ಮಾಡುವವರು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಅಂಗಾಂಶ ಭಂಡಾರ ಇದೆ. ಇದನ್ನು ತಾತನಿಗೆ ಹೇಳಿದಾಗ, "ಬದುಕಿದ್ದಾಗ ಸಹಿ ಹಾಕಕ್ಕೆ ಬರ್ಲಿಲ್ಲ, ಸತ್ತ ಮೇಲಾದ್ರೂ ಉಪಯೋಗಕ್ಕೆ ಬರ್ಲಿ ಬಿಡ್ರಪ್ಪ" ಅಂತ ನಕ್ಕರು.

ಈಗ ಅವರ ನಡುಕ ಪೂರ್ತಿ ಹೋಗಿಲ್ಲ. ಲೋಟಕ್ಕೆ ಅರ್ಧವೇ ಕಾಫಿ ಹಾಕಿ ಕೊಡ್ತಾರೆ, ಪಂಚೆ ಮೇಲೆ ಬೀಳಲ್ಲ. ಬ್ಯಾಂಕಿಗೆ ವೈದ್ಯರ ಚೀಟಿ ಕೊಟ್ಟು ಹೆಬ್ಬೆಟ್ಟು ಒತ್ತುವ ವ್ಯವಸ್ಥೆ ಮಾಡಿಸಿದ್ದಾರೆ. ನಿಮ್ಮ ಮನೇಲೂ ಯಾರಾದರೂ ಮದುವೆ ಊಟದಲ್ಲಿ ಸಾರು ಚೆಲ್ಲುತ್ತೆ ಅಂತ ಪಂಕ್ತಿಗೆ ಕೂರೋದನ್ನೇ ಬಿಟ್ಟಿದ್ದರೆ, "ವಯಸ್ಸಾಯ್ತು" ಅಂತ ಸುಮ್ಮನಾಗಬೇಡಿ. ಒಮ್ಮೆ ವೈದ್ಯರ ಹತ್ತಿರ ಕರ್ಕೊಂಡು ಹೋಗಿ.